ಯಲ್ಲಮ್ಮನ ಗುಡ್ಡದ ಏರಿಗೆ ಯಾವ ಫ್ಯಾನು?

ಹಿರಿಯರು ಓಡಿಸಿದ ಅಂಬಾಸಿಡರ್ ಕಾರನ್ನು ಗುಜರಿಗೆ ಹಾಕದೆ ಉಳಿಸಿಕೊಂಡವರು ನಮ್ಮ ಬೈಲಹೊಂಗಲ, ರಾಮದುರ್ಗಗಳ ಕಡೆ ಈಗಲೂ ಕೆಲವರಿದ್ದಾರೆ. ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದ ಮೇಲಂತೂ ಆ ಮಮತೆ ಇಮ್ಮಡಿಸಿದೆ. ಸಂತೋಷ. ಆದರೆ ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆಂದು ಅದಕ್ಕೆ ವಿಸ್ಕಸ್ ಫ್ಯಾನ್ ಕೂಡಿಸಬೇಕೆಂಬ ಉಪದೇಶವನ್ನು ಮಾತ್ರ ನಾನು ಒಪ್ಪಲಾರೆ.

ವಿದ್ಯಾರ್ಥಿ ಮಿತ್ರರೇ, ವಿಸ್ಕಸ್ ಫ್ಯಾನಿನ ಒಳಗುಟ್ಟನ್ನು ಮೊದಲು ತಿಳಿಯಿರಿ. ಅದರ ಗಡ್ಡೆಯೊಳಗೆ ಮಂದವಾದ ಸಿಲಿಕೋನ್ ಎಣ್ಣೆ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಮುಂಭಾಗದ ದ್ವಿಲೋಹದ ಪಟ್ಟಿ ಬಾಗಿ, ಎಣ್ಣೆಗೆ ದಾರಿ ಬಿಟ್ಟು, ಫ್ಯಾನು ಬಿಗಿಯಾಗಿ ತಿರುಗುತ್ತದೆ, ತಂಪಾದರೆ ಜಾರುತ್ತದೆ. ಜಾಣ ಯಂತ್ರವೇ ಸರಿ. ಆದರೆ ಎಷ್ಟು ಬಿಗಿಯಾದರೂ ತನ್ನನ್ನು ತಿರುಗಿಸುವ ಪುಲ್ಲಿಗಿಂತ ವೇಗವಾಗಿ ಅದು ತಿರುಗಲಾರದು. ಅದರ ಲಾಭವೆಲ್ಲ ವೇಗದ ಓಟದಲ್ಲಿ: ಸದ್ದು ಕಡಿಮೆ, ಎಂಜಿನ್ನಿನ ಶಕ್ತಿ ಉಳಿತಾಯ.

ಈಗ ಹೇಳಿ, ನಮ್ಮ ಕಾರು ಕಾಯುವುದು ಎಲ್ಲಿ? ಕಿತ್ತೂರಿನ ಹೆದ್ದಾರಿಯಲ್ಲಿ ಅಲ್ಲ. ಅಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಂಪಿಡುತ್ತದೆ. ಕಾಯುವುದು ಸವದತ್ತಿಯಿಂದ ಯಲ್ಲಮ್ಮನ ಗುಡ್ಡ ಏರುವಾಗ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಚಕ್ಕಡಿಗಳ ಹಿಂದೆ ಹೆಜ್ಜೆ ಹೆಜ್ಜೆಗೆ ನಿಲ್ಲುವಾಗ. ಆಗ ಎಂಜಿನ್ ನಿಧಾನ, ಪುಲ್ಲಿ ನಿಧಾನ, ವಿಸ್ಕಸ್ ಫ್ಯಾನೂ ನಿಧಾನ. ಹಳೆಯ ಫ್ಯಾನು ಕೊಡದ ಯಾವ ಗಾಳಿಯನ್ನು ಇದು ಕೊಟ್ಟೀತು? ಮೇಲಾಗಿ ಅದರ ಭಾರವನ್ನು ಹೊರಬೇಕಾದುದು ಹಗುರ ಫ್ಯಾನಿಗಾಗಿ ಮಾಡಿದ ವಾಟರ್ ಪಂಪಿನ ಬೇರಿಂಗು.

ವಿದ್ಯುತ್ ಫ್ಯಾನಿಗೆ ಎಂಜಿನ್ನಿನ ವೇಗದ ಹಂಗಿಲ್ಲ. ಕಾರು ನಿಂತಾಗಲೂ ಪೂರ್ಣ ವೇಗದಲ್ಲಿ ತಿರುಗುತ್ತದೆ. ಆದ್ದರಿಂದ ನನ್ನ ಮತ ಅದಕ್ಕೆ.

"ವೈರು, ಫ್ಯೂಸುಗಳ ಗೋಜು ವಿಸ್ಕಸ್‌ಗೆ ಇಲ್ಲವಲ್ಲ ಸರ್" ಎನ್ನುವಿರಿ. ನಿಜ. ಅದರ ಅಳತೆಗೇ ಕಟ್ಟಿದ ದೊಡ್ಡ ಡೀಸೆಲ್ ವಾಹನಗಳಲ್ಲಿ ಅದು ಒಳ್ಳೆಯ ಸೇವಕ. ಆದರೆ ವಿದ್ಯುತ್ ಫ್ಯಾನನ್ನು ಹಳೆಯ ಡೈನಮೋಕ್ಕೆ ನೇರವಾಗಿ ಗಂಟು ಹಾಕುವ ಮಿಸ್ತ್ರಿಗಳಿಂದಲೂ ದೂರವಿರಿ. ಲೆಕ್ಕ ಸರಳ: ಹೆಡ್‌ಲೈಟಿಗೆ ಸುಮಾರು 9 ಆಂಪಿಯರ್, ಫ್ಯಾನಿಗೆ 12, ಇಗ್ನಿಷನ್ನಿಗೆ 4, ಒಟ್ಟು 25. ಆ ಕಾಲದ ಅನೇಕ ಡೈನಮೋಗಳ ಗರಿಷ್ಠ ಶಕ್ತಿಯೇ 22 ಆಂಪಿಯರ್. ಎಂಜಿನ್ ನಿಧಾನವಾದಾಗ ಅವು ಕೊಡುವುದು ಬಹುತೇಕ ಶೂನ್ಯ. ಫ್ಯಾನು ಬೇಕಾದ ಹೊತ್ತಿಗೇ ಬ್ಯಾಟರಿ ಬರಿದು! ಹೀಗಾಗಿ ಮೊದಲು ಆಲ್ಟರ್ನೇಟರ್. ಅದಕ್ಕೂ ಮುನ್ನ ಕಾರಿನ ಅರ್ಥಿಂಗ್ ಧನವೋ ಋಣವೋ ಎಂಬ ಪರೀಕ್ಷೆ. ಆಮೇಲೆ ರಿಲೇ, ಫ್ಯೂಸುಗಳೊಂದಿಗೆ ಫ್ಯಾನು.

ಮೂಲ ಸ್ವರೂಪ ಕೆಡುತ್ತದೆಂದು ಶುದ್ಧವಾದಿಗಳು ಮುನಿಯಬಹುದು. ಹಳೆಯ ಫ್ಯಾನಿಗೆ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಬೇಕೆಂದಾಗ ಮರಳಿ ಕೂಡಿಸಬಹುದು. ಕಾದು ಬಿರಿದ ಸಿಲಿಂಡರ್ ಹೆಡ್ಡನ್ನು ಹಾಗೆ ಮರಳಿಸಲಾಗದು.

ಕೊನೆಗೊಂದು ಮಾತು. ಯಾವ ಫ್ಯಾನನ್ನೂ ಕೊಳ್ಳುವ ಮುನ್ನ ರೇಡಿಯೇಟರ್ ಬಿಚ್ಚಿ ತೊಳೆಸಿರಿ, ಬೆಲ್ಟಿನ ಬಿಗಿ ನೋಡಿರಿ, ಥರ್ಮೋಸ್ಟ್ಯಾಟ್ ತೆರೆಯುತ್ತದೆಯೇ ಎಂದು ಬಿಸಿನೀರಿನಲ್ಲಿ ಪರೀಕ್ಷಿಸಿರಿ. ಹೂಳು ತುಂಬಿದ ಕೊಳವೆಗಳಿಗೆ ಯಾವ ಫ್ಯಾನಿನ ಗಾಳಿಯೂ ಮದ್ದಲ್ಲ.