ಒಬ್ಬೊಬ್ಬರೂ ಓದಬೇಕೆಂಬ ನಂಬಿಕೆ

ಆಲೂರು, ಸಕಲೇಶಪುರದ ಕಡೆ ಹಳೆಯ ಮನೆಗಳ ಮಾಡು ರಿಪೇರಿಗೆಂದು ಹೆಂಚು ಇಳಿಸುವಾಗ ಮಕ್ಕಳು ಸುತ್ತ ನಿಂತು ನೋಡುವುದುಂಟು. ಧೂಳು ಒರೆಸಿದರೆ ಕೆಲವು ಹೆಂಚುಗಳ ಮೇಲೆ ಇಂಗ್ಲಿಷ್ ಅಕ್ಷರಗಳ ಅಚ್ಚು ಕಾಣುತ್ತದೆ: ‘ಬಾಸೆಲ್ ಮಿಷನ್’. ಮಿಷನ್ ಎಂದರೆ ಚರ್ಚಿನವರಲ್ಲವೇ? ಅವರಿಗೂ ಹೆಂಚಿಗೂ ಏನು ಸಂಬಂಧ? ಹೀಗೆ ಕೇಳುವ ಮಗುವಿಗೆ ‘ಅವರು ಕ್ರೈಸ್ತರು’ ಎಂಬ ಒಂದೇ ಮಾತಿನ ಉತ್ತರ ಸಿಗುತ್ತದೆ. ಒಂದೇ ಬೆಂಚಿನಲ್ಲಿ ಹತ್ತು ವರ್ಷ ಕೂತು ಓದಿದ ಗೆಳೆಯ ಏನು ನಂಬುತ್ತಾನೆ ಎಂದು ತಿಳಿಯದೆಯೇ ಎಷ್ಟೋ ಮಕ್ಕಳು ಶಾಲೆ ಮುಗಿಸುತ್ತಾರೆ.

ಹಾಸನ ಜಿಲ್ಲೆಯಲ್ಲಿ ಚರ್ಚ್ ಎಂದ ಕೂಡಲೆ ಅನೇಕರಿಗೆ ನೆನಪಾಗುವುದು ಗೊರೂರು ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಚರ್ಚು. ಅದು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕ್ಯಾಥೊಲಿಕ್ ಚರ್ಚು. ಹೆಂಚಿನ ಮೇಲಿನ ಹೆಸರು ಮತ್ತೊಂದು ಪರಂಪರೆಯದು. ಬಾಸೆಲ್ ಮಿಷನ್ನಿನವರೂ, ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರೂ ಪ್ರಾಟೆಸ್ಟೆಂಟರು; ಅದರಲ್ಲಿಯೂ ‘ಇವ್ಯಾಂಜೆಲಿಕಲ್’ ಎನಿಸಿಕೊಂಡವರು. ಗ್ರೀಕ್ ಮೂಲದ ಈ ಪದಕ್ಕೆ ಕನ್ನಡ ಕ್ರೈಸ್ತರು ಬಳಸುವ ಮಾತು ಸುವಾರ್ತೆ, ಅಂದರೆ ಒಳ್ಳೆಯ ಸುದ್ದಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ವೆಸ್ಲಿಯನ್ ಸಭೆಗಳು ಅದರಲ್ಲಿ ಸೇರಿಹೋದವು.

ಇವರ ನಂಬಿಕೆಯ ತಿರುಳೇನು? ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕತ್ವದಲ್ಲಿ ಅವನಿದ್ದಾನೆ ಎಂಬುದು ಕ್ಯಾಥೊಲಿಕರಿಗೂ ಇವರಿಗೂ ಸಮಾನ. ಅದರ ಜೊತೆಗೆ ಇವರು ಒತ್ತಿ ಹೇಳುವ ಸಂಗತಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಗ್ರಂಥ. ನಂಬಿಕೆಯ ವಿಷಯದಲ್ಲಿ ಕೊನೆಯ ಮಾತು ಬೈಬಲ್ಲಿನದು, ಅಂದರೆ ಸತ್ಯವೇದದ್ದು. ಪೋಪರ ಅಧಿಕಾರವಾಗಲಿ ಸಭೆಯ ಸಂಪ್ರದಾಯವಾಗಲಿ ಅದಕ್ಕೆ ಸಮನಲ್ಲ. ಕ್ಯಾಥೊಲಿಕರಲ್ಲಿ ಏಳು ಸಂಸ್ಕಾರಗಳಿದ್ದರೆ ಇವರು ಸಾಮಾನ್ಯವಾಗಿ ದೀಕ್ಷಾಸ್ನಾನ, ಕರ್ತನ ಭೋಜನ ಎಂಬ ಎರಡನ್ನೇ ಎಣಿಸುತ್ತಾರೆ.

ಎರಡನೆಯದು ಶಿಲುಬೆ. ಮನುಷ್ಯ ತನ್ನ ಪಾಪದಿಂದ ತಾನೇ ಬಿಡಿಸಿಕೊಳ್ಳಲಾರ. ಯೇಸು ಶಿಲುಬೆಯ ಮೇಲೆ ಪ್ರಾಣ ಕೊಟ್ಟದ್ದು ಅವನಿಗಾಗಿ. ಆದ್ದರಿಂದ ರಕ್ಷಣೆ ಸಿಗುವುದು ಪುಣ್ಯ ಗಳಿಸಿ ಅಲ್ಲ, ದೇವರ ಕೃಪೆಯನ್ನು ನಂಬಿ. ಹಾಗಾದರೆ ಒಳ್ಳೆಯ ಕೆಲಸ ಬೇಡವೇ? ಬೇಕು. ಮಗು ಪರೀಕ್ಷೆಯಲ್ಲಿ ಅಂಕ ತೆಗೆದು ತಾಯಿಯ ಪ್ರೀತಿ ಸಂಪಾದಿಸುವುದಿಲ್ಲ. ಪ್ರೀತಿ ಮೊದಲೇ ಇದೆ, ಅದನ್ನು ಬಲ್ಲ ಮಗು ಮನಸ್ಸಿಟ್ಟು ಓದುತ್ತದೆ. ಇವರ ಲೆಕ್ಕದಲ್ಲಿ ಸತ್ಕಾರ್ಯ ರಕ್ಷಣೆಗೆ ಕೊಡುವ ಬೆಲೆಯಲ್ಲ, ರಕ್ಷಣೆಯ ಫಲ.

ಮೂರನೆಯದು ಹೊಸ ಜನ್ಮ. ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ, ಪ್ರತಿಯೊಬ್ಬರ ಮನಸ್ಸೂ ತಿರುಗಬೇಕು. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಆಗಲೇ ಪಾದ್ರಿಯಾಗಿದ್ದವರು. ಆದರೂ 1738ರ ಮೇ 24ರಂದು ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಲೂಥರನ ಬರಹ ಓದುವುದನ್ನು ಕೇಳುತ್ತಿದ್ದಾಗಲೇ ತಮಗೆ ನಿಜವಾದ ಭರವಸೆ ಹುಟ್ಟಿತೆಂದು ಅವರು ಬರೆದಿಟ್ಟರು.

ನಾಲ್ಕನೆಯದು, ಸುದ್ದಿಯನ್ನು ಸಾರುವುದು. ಒಳ್ಳೆಯ ಸುದ್ದಿ ತಿಳಿದವನು ಸುಮ್ಮನಿರಬಾರದು ಎಂಬುದು ಅವರ ಕರ್ತವ್ಯಭಾವನೆ.

ಈಗ ಹೆಂಚಿನ ಕಡೆಗೆ ಬರೋಣ. ಪ್ರತಿಯೊಬ್ಬನೂ ಗ್ರಂಥದ ಮೂಲಕ ತಾನೇ ದೇವರ ಮುಂದೆ ನಿಲ್ಲಬೇಕಾದರೆ ಏನಾಗಬೇಕು? ಗ್ರಂಥ ಅವನ ಭಾಷೆಯಲ್ಲಿರಬೇಕು. ಅವನಿಗೆ ಓದು ಬರಬೇಕು. ಅಚ್ಚಿನ ಮನೆ ಬೇಕು, ಶಾಲೆ ಬೇಕು, ನಿಘಂಟು ಬೇಕು. ಬಾಸೆಲ್ ಮಿಷನ್ನಿನ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಲ್ಲಿ ಅವರ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದರಿಂದಲೇ. ಅದೇ ಮೊಗ್ಲಿಂಗರು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದರು. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಸುವಾರ್ತೆ ಸಾರಲು ಬಂದವರು ಕನ್ನಡಿಗರ ಹಳೆಯ ಗ್ರಂಥಗಳನ್ನೇ ಕನ್ನಡಿಗರಿಗೆ ಅಚ್ಚಿನಲ್ಲಿ ಕೊಟ್ಟುಹೋದರು.

ಆದರೆ ನಾಣ್ಯಕ್ಕೆ ಎರಡು ಮುಖ. ಸುದ್ದಿ ಸಾರಿದಾಗ ಕೇಳಿದವರು ಒಪ್ಪಬಹುದು, ಒಪ್ಪದೆಯೂ ಇರಬಹುದು. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿಣ್ಯ ಎಂಬ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಮಗನನ್ನು ಕಳೆದುಕೊಂಡೆವೆಂದು ಹೆತ್ತವರು ಅತ್ತರೆ ಅದು ಸುಳ್ಳು ದುಃಖವಲ್ಲ. ತನ್ನ ಮನಸ್ಸಾಕ್ಷಿಯಂತೆ ನಡೆದೆನೆಂದು ಮಗ ಹೇಳಿದರೆ ಅದೂ ಸುಳ್ಳು ಮಾತಲ್ಲ. ಮತ ಬದಲಿಸಿದ ಬಡವರ ಕಷ್ಟ ಬೇರೆಯದೇ. ಜಾತಿಯಿಂದ ಹೊರಬಿದ್ದವನಿಗೆ ಕುಲಕಸುಬೂ ಕೈ ತಪ್ಪುತ್ತಿತ್ತು. ಅಂಥವರ ಹೊಟ್ಟೆಪಾಡಿಗಾಗಿ ಮಿಷನ್ ನೇಯ್ಗೆ ಮಗ್ಗಗಳನ್ನು ಹಾಕಿತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹೊಳೆದಂಡೆಯ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ ಸುಡುತ್ತಿದ್ದರು. ಮಣ್ಣಿನೊಳಗಿನ ಕಬ್ಬಿಣದ ಅಂಶ ಬೆಂಕಿಯಲ್ಲಿ ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಒಂದು ಹೆಂಚಿನ ಏಣು ಮತ್ತೊಂದರ ಗಾಡಿಯಲ್ಲಿ ಕೂರುವುದರಿಂದ ಮಲೆನಾಡಿನ ಜಡಿಮಳೆಯೂ ಒಳಗೆ ಇಳಿಯುವುದಿಲ್ಲ. ಮಗುವಿನ ಪ್ರಶ್ನೆಗೆ ಉತ್ತರ ಇದೇ: ಆ ಹೆಂಚಿನ ಹಿಂದೆ ಒಂದು ನಂಬಿಕೆಯೂ ಇದೆ, ಆ ನಂಬಿಕೆಗಾಗಿ ಕೆಲವರು ತೆತ್ತ ಬೆಲೆಯೂ ಇದೆ.

ಈ ನಾಲ್ಕು ಸಂಗತಿಗಳನ್ನು ಹೆಂಚಿನಂತೆ ಪ್ರಯೋಗಶಾಲೆಯಲ್ಲಿ ಇಟ್ಟು ಪರೀಕ್ಷಿಸಲು ಬರುವುದಿಲ್ಲ. ಅವನ್ನು ಒಪ್ಪುವುದೂ ಬಿಡುವುದೂ ಅವರವರ ಮನಸ್ಸಿಗೆ ಬಿಟ್ಟದ್ದು. ನಮ್ಮ ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಒಪ್ಪುವುದು ಬೇರೆ, ತಿಳಿಯುವುದು ಬೇರೆ. ಇನ್ನೊಬ್ಬರ ನಂಬಿಕೆಯನ್ನು ತಿಳಿದುಕೊಂಡ ಮಾತ್ರಕ್ಕೆ ಯಾರ ನಂಬಿಕೆಯೂ ಕರಗಿಹೋಗುವುದಿಲ್ಲ. ತಿಳಿಯದೆ ಇದ್ದರೆ ಗಾಳಿಮಾತೇ ಪಾಠವಾಗುತ್ತದೆ.

ವಿದ್ಯಾರ್ಥಿಗಳೇ, ಈ ಡಿಸೆಂಬರಿನಲ್ಲಿ ಗೆಳೆಯನ ಮನೆಯಲ್ಲಿ ಕೇಕು ತಿನ್ನುವಾಗ ‘ನಿಮ್ಮ ಹಬ್ಬದ ಅರ್ಥವೇನೋ?’ ಎಂದು ಅವನನ್ನೇ ಕೇಳಿ. ಯುಗಾದಿಗೆ ಅವನು ನಿಮ್ಮ ಮನೆಗೆ ಬಂದಾಗ ಬೇವು ಬೆಲ್ಲದ ಅರ್ಥ ಹೇಳಲು ನೀವೂ ಸಿದ್ಧರಾಗಿರಿ. ತಂದೆತಾಯಿಯರೇ, ಮಗುವಿಗೆ ಉತ್ತರ ತೋಚದಿದ್ದರೆ ನೀವೂ ಜೊತೆಗೆ ಕೂತು ಕೇಳಿರಿ.