ತಳಕ್ಕಿಳಿದ ರಾಡಿ ಎಲ್ಲಿ ಹೋಯಿತು?

ವಿದ್ಯಾರ್ಥಿ ಮಿತ್ರರೇ, ಮಳೆಗಾಲದಲ್ಲಿ ಕೃಷ್ಣೆಯ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ತುಂಬಿಡಿರಿ. ಉಸುಕು ಬೇಗನೆ ತಳ ಸೇರುತ್ತದೆ. ಆದರೆ ರಾಡಿಯ ಬಣ್ಣ ಮರುದಿನವೂ ಪೂರ್ತಿ ಹೋಗುವುದಿಲ್ಲ. ಏಕೆ?

ನಮ್ಮ ಎರೆಮಣ್ಣಿನ ಜೇಡಿ ಪದರು ಪದರಾಗಿದೆ. ಒಂದು ಪದರಿನ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಇವುಗಳ ಮೈಮೇಲೆ ಋಣ ವಿದ್ಯುದಂಶವಿದೆ. ಸಜಾತೀಯ ವಿದ್ಯುದಂಶಗಳು ವಿಕರ್ಷಿಸುತ್ತವೆಂದು ನೀವು ಓದಿದ್ದೀರಿ. ಅಂತೆಯೇ ಈ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲಾಡುತ್ತವೆ.

ಈಗ ಒಂದು ಲೋಟದಲ್ಲಿ ಪಟಿಕವನ್ನು ನಾಲ್ಕು ಸುತ್ತು ತಿರುಗಿಸಿರಿ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಕಲ್ಲು ಅದೇ. ಅದರ ಅಲ್ಯುಮಿನಿಯಂ ಅಯಾನು ಮೂರು ಧನ ವಿದ್ಯುದಂಶ ಹೊತ್ತದ್ದು. ಕಣಗಳ ಋಣ ತೀರಿತೆನ್ನಿ! ಅವು ಒಂದಕ್ಕೊಂದು ಅಂಟಿ, ಭಾರವಾಗಿ ಇಳಿಯುತ್ತವೆ. ಮೈಕೆಲ್ ಫ್ಯಾರಡೆ 1857ರಲ್ಲಿ ವರ್ಣಿಸಿದ ಚಿನ್ನದ ಸೂಕ್ಷ್ಮಕಣಗಳ ಕೆಂಪು ದ್ರವ ಉಪ್ಪು ಬಿದ್ದೊಡನೆ ನೀಲಿಗೆ ತಿರುಗಿದ್ದೂ ಕಣಗಳು ಹೀಗೆ ಗುಂಪುಗೂಡಿದ್ದರಿಂದಲೇ.

ಇಷ್ಟು ತಿಳಿದರೆ ಇಂದಿನ ನ್ಯಾನೋ ಮಾಲಿನ್ಯ ಅರ್ಥವಾದಂತೆ. ದುರ್ವಾಸನೆ ಬಾರದಿರಲೆಂದು ಕೆಲವು ಕಾಲುಚೀಲಗಳಿಗೆ ಬೆಳ್ಳಿಯ ನ್ಯಾನೋಕಣ ಸೇರಿಸುತ್ತಾರೆ. ಒಗೆದಾಗ ಅದರಲ್ಲಿ ಸ್ವಲ್ಪ ಭಾಗ ಗಟಾರಕ್ಕೆ, ಅಲ್ಲಿಂದ ಹಳ್ಳಕ್ಕೆ. ನೀರಿಗೆ ಬಿದ್ದ ಕಣ ಬರಿಮೈಯಲ್ಲಿ ಇರುವುದಿಲ್ಲ. ಕೊಳೆತ ಎಲೆಗಳಿಂದ ಬಂದ ಹ್ಯೂಮಿಕ್ ಪದಾರ್ಥ ಅದಕ್ಕೆ ಅಂಗಿಯಂತೆ ಮೆತ್ತಿಕೊಳ್ಳುತ್ತದೆ. ಅಂಗಿ ತೊಟ್ಟ ಕಣ ಸುಲಭವಾಗಿ ಗುಂಪುಗೂಡದೆ ಬಹುದೂರ ಸಾಗಬಲ್ಲದು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ, ನಮ್ಮ ಬೋರಿನ ಗಡಸು ನೀರಿನಲ್ಲಿರುವಂತೆ, ಕಣಗಳು ಗುಂಪುಗೂಡಿ ಜೇಡಿಗೂ ಅಂಟುತ್ತವೆ. ಮೊದಲು ನಮ್ಮ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದ ಆಲಮಟ್ಟಿಯಂಥ ಜಲಾಶಯದಲ್ಲಿ ನದಿಯ ವೇಗ ತಗ್ಗುವುದರಿಂದ, ಜೇಡಿಗೆ ಅಂಟಿದ್ದು ಹೂಳಿನೊಂದಿಗೆ ತಳ ಸೇರುತ್ತದೆ.

ಇಳಿದದ್ದು ಇಲ್ಲವಾಯಿತೆಂದಲ್ಲ. ಆಮ್ಲಜನಕವಿಲ್ಲದ ಹೂಳಿನಲ್ಲಿ ಬೆಳ್ಳಿ ಗಂಧಕದೊಡನೆ ಕೂಡಿ ಸಲ್ಫೈಡ್ ಆಗುತ್ತದೆ. ತಾಯಂದಿರ ಕಾಲುಂಗುರ ಕಪ್ಪಾಗುವುದು ಇದೇ ಸಲ್ಫೈಡಿನಿಂದ. ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ, ಆದ್ದರಿಂದ ವಿಷವೂ ಕಡಿಮೆ. ಇದು ಸಮಾಧಾನದ ಮಾತೇ. ಆದರೆ ಎಲ್ಲ ಕಣಗಳಿಗೂ ಈ ಗತಿ ಇಲ್ಲ. ತಳದ ಹುಳುಗಳು ಬದುಕುವುದು ಆ ಹೂಳನ್ನೇ ತಿಂದು, ಆ ಹುಳುಗಳನ್ನು ತಿನ್ನುವುದು ಮೀನು.

ಪಾಲಕರಿಗೆ ಒಂದು ಮಾತು. ಪಟಿಕ ಹಾಕಿದ ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ರೋಗಾಣುಗಳೆಲ್ಲ ಹೋಗಿರುವುದಿಲ್ಲ. ಹರವಿಯನ್ನು ಅಲುಗಿಸದೆ ಮೇಲಿನ ನೀರನ್ನಷ್ಟೇ ಬಸಿದು, ಕುದಿಸಿಯೇ ಮಕ್ಕಳಿಗೆ ಕೊಡಿರಿ.

ಮಕ್ಕಳೇ, ನಿಮ್ಮ ಆ ಪಟಿಕದ ಲೋಟವನ್ನು ಚೆಲ್ಲಬೇಡಿರಿ. ಎರಡು ದಿನ ಬಿಟ್ಟು ಚಮಚದಿಂದ ಒಮ್ಮೆ ಕಲಕಿ, ಏನು ಮೇಲೆ ಬರುತ್ತದೆ ನೋಡಿರಿ.