ಕತ್ತಲೆಗೆ ಕಣ್ಣು ಒಗ್ಗುವುದು ಹೇಗೆ?

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವನ್ನು ಬಿಸಿಲಿನಲ್ಲಿ ಹತ್ತಿ, ಸಿದ್ಧೇಶ್ವರನ ದರ್ಶನಕ್ಕೆಂದು ಗವಿಯೊಳಗೆ ಕಾಲಿಟ್ಟವರಿಗೆ ಮೊದಲು ಏನೂ ಕಾಣದು. ಬಂಡೆ ತಡವುತ್ತ ನಿಲ್ಲಬೇಕು. ಸ್ವಲ್ಪ ಹೊತ್ತಿನಲ್ಲಿ ಕಲ್ಲಿನ ಅಂಚು, ನೀರಿನ ಹೊಳಪು, ಮುಂದಿರುವವರ ಮುಖ ಒಂದೊಂದಾಗಿ ಗೋಚರಿಸುತ್ತವೆ. ಗವಿಯಲ್ಲಿ ಬೆಳಕೇನೂ ಹೆಚ್ಚಿಲ್ಲ. ಹಾಗಾದರೆ ಬದಲಾದದ್ದೇನು?

'ಕಣ್ಣಿನ ಪಾಪೆ ಅಗಲವಾಯಿತು' ಎಂದು ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ. ನಿಜ, ಆದರೆ ಪೂರ್ತಿ ಉತ್ತರವಲ್ಲ. ಬಿಸಿಲಿನಲ್ಲಿ ಸುಮಾರು 2 ಮಿ.ಮೀ. ಇರುವ ಪಾಪೆ, ಎಳೆಯರಲ್ಲಿ ಕತ್ತಲಾದಾಗ 8 ಮಿ.ಮೀ.ವರೆಗೆ ಹಿಗ್ಗಬಹುದು. ವ್ಯಾಸ 4 ಪಟ್ಟಾದರೆ ಒಳಬರುವ ಬೆಳಕು 16 ಪಟ್ಟು. ಆದರೆ ಸೂರ್ಯನು ಹುಣ್ಣಿಮೆಯ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಖರ! ಇಷ್ಟು ದೊಡ್ಡ ಅಂತರವನ್ನು ಪಾಪೆಯೊಂದೇ ತುಂಬಲಾರದು.

ಉಳಿದ ಕೆಲಸ ಅಕ್ಷಿಪಟಲದ್ದು. ಅಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳೂ, ಮಬ್ಬು ಬೆಳಕಿಗೆ ಸ್ಪಂದಿಸುವ ದಂಡಕೋಶಗಳೂ ಇವೆ. ದಂಡಕೋಶದಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಪ್ರಖರ ಬೆಳಕಿನಲ್ಲಿ ವಿಭಜನೆಯಾಗಿ, ಕತ್ತಲಲ್ಲಿ ಮತ್ತೆ ತಯಾರಾಗುತ್ತದೆ. ಶಂಕುಕೋಶಗಳು ಸುಮಾರು 10 ನಿಮಿಷದಲ್ಲಿ ಸಜ್ಜಾದರೆ, ದಂಡಕೋಶಗಳು ಪೂರ್ತಿ ಸಜ್ಜಾಗಲು ಅರ್ಧ ಗಂಟೆಯೋ, ಇನ್ನೂ ಹೆಚ್ಚೋ ಬೇಕು.

ಇದನ್ನು ನೀವೇ ಪರೀಕ್ಷಿಸಬಹುದು. ಗವಿಯ ಹೊರಗೆ ಕುಳಿತು ಒಂದು ಕಣ್ಣನ್ನು ಮಡಿಸಿದ ಬಟ್ಟೆಯಿಂದ 10-15 ನಿಮಿಷ ಮುಚ್ಚಿಕೊಳ್ಳಿ. ಹಿರಿಯರ ಕೈ ಹಿಡಿದು ಒಳಹೋಗಿ, ಬಟ್ಟೆ ತೆಗೆದು, ಒಂದೊಂದೇ ಕಣ್ಣಿನಿಂದ ನೋಡಿ. ಮುಚ್ಚಿದ್ದ ಕಣ್ಣಿಗೇ ಹೆಚ್ಚು ಕಾಣುತ್ತದೆ. ಎರಡೂ ಪಾಪೆಗಳು ಒಟ್ಟಿಗೇ ಹಿಗ್ಗಿ ಕುಗ್ಗುವುದರಿಂದ, ಈ ವ್ಯತ್ಯಾಸಕ್ಕೆ ಕಾರಣ ಅಕ್ಷಿಪಟಲವೇ.

ರೊಡಾಪ್ಸಿನ್ ತಯಾರಿಕೆಗೆ 'ಎ' ಜೀವಸತ್ವ ಬೇಕೇ ಬೇಕು. ಅಕ್ಷಿಪಟಲದಲ್ಲಿ ಈ ಜೀವಸತ್ವವಿರುವುದನ್ನು ಕಂಡುಹಿಡಿದ ಜಾರ್ಜ್ ವಾಲ್ಡ್‌ಗೆ 1967ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇದರ ಕೊರತೆಯಾದರೆ ಮೊದಲು ಕಾಣಿಸಿಕೊಳ್ಳುವ ಲಕ್ಷಣಗಳಲ್ಲಿ ಇರುಳುಗುರುಡು ಒಂದು. ಅಲಕ್ಷಿಸಿದರೆ ಮಗು ಕಣ್ಣನ್ನೇ ಕಳೆದುಕೊಳ್ಳಬಹುದು.

ಆದ್ದರಿಂದ ಪೋಷಕರೇ, ಹಗಲೆಲ್ಲ ಚುರುಕಾಗಿ ಓಡಾಡುವ ಮಗು ಮುಸ್ಸಂಜೆಯಾದೊಡನೆ ಹೊಸ್ತಿಲು ಎಡವಿದರೆ, ತಟ್ಟೆಗಾಗಿ ತಡಕಾಡಿದರೆ, 'ನೋಡಿಕೊಂಡು ನಡೆಯೋ' ಎಂದು ಗದರಬೇಡಿ. ಕಣ್ಣಿನ ವೈದ್ಯರಿಗೆ ತೋರಿಸಿ. ಕೆಲವು ಮಕ್ಕಳಲ್ಲಿ ಇದು ವಂಶದಿಂದ ಬಂದ ಅಕ್ಷಿಪಟಲದ ಕಾಯಿಲೆಯೂ ಆಗಿರಬಹುದು. ಅದು ಸೊಪ್ಪು ತಿಂದರೆ ಹೋಗುವಂಥದ್ದಲ್ಲ.

ಕೊರತೆಯನ್ನು ಬಾರದಂತೆ ತಡೆಯುವುದು ಸುಲಭ. ಮಧುಗಿರಿ, ಶಿರಾ, ಪಾವಗಡದ ಒಣಭೂಮಿಯಲ್ಲೂ ಬೆಳೆಯುವ ನುಗ್ಗೆಯ ಸೊಪ್ಪು, ಪರಂಗಿ, ಮಾವು, ಹಾಲು, ಮೊಟ್ಟೆ ಇವುಗಳಲ್ಲಿ ಕಣ್ಣಿಗೆ ಬೇಕಾದದ್ದಿದೆ. 5 ವರ್ಷದೊಳಗಿನ ಮಕ್ಕಳಿಗೆ ಸರ್ಕಾರದಿಂದ 6 ತಿಂಗಳಿಗೊಮ್ಮೆ ಸಿಗುವ 'ಎ' ಜೀವಸತ್ವದ ದ್ರಾವಣವನ್ನೂ ತಪ್ಪದೆ ಹಾಕಿಸಿ.